ಕಾರಣ

ಪಿರನೀಸ್ ಬೆಟ್ಟದ ಬಸಿರಲ್ಲಿ
ಎಂಟುನೂರು ಮೀಟರು ಬಂಡೆ ಹೊದ್ದು ಕೂತು
ಒರೋಸಿಯಾ ಎಣಿಸುತ್ತಾಳೆ:
ಘನಮೀಟರು ಗಾಳಿಯಲ್ಲಿ, ಸೆಕೆಂಡಿಗೆ,
ಎಷ್ಟು ರೇಡಾನ್ ಪರಮಾಣು ಮುರಿದುಬಿದ್ದವು.

ಎಪ್ಪತ್ತೆರಡು. ಎಪ್ಪತ್ತು. ಎಪ್ಪತ್ತೊಂದು.

ಬಣ್ಣವಿಲ್ಲ, ವಾಸನೆಯಿಲ್ಲ,
ಕಲ್ಲು ಬಿಟ್ಟ ಉಸಿರು.
ಪಕ್ಕದ ಕೋಣೆಯಲ್ಲಿ, ಸೀಸದ ಗೋಡೆಯಾಚೆ,
ಹನ್ನೊಂದು ವರ್ಷದಿಂದ ಯಂತ್ರವೊಂದು ಕಿವಿಗೊಟ್ಟಿದೆ
ಯಾರೂ ಕಾಣದ ಕಣವೊಂದು ತಾಕೀತೆಂದು;
ಇದರ ಗುಸುಗುಸು ಅದಕ್ಕೆ ಆಗಿಬರದು.

ಮಂಗಳವಾರ ರಾತ್ರಿಯ ಗೆರೆ ಗುಡ್ಡವಾಗಿದೆ.
ನೂರ ನಲವತ್ತು!
ಸೀಲು ನೋಡಿದಳು, ಬಾಗಿಲು ನೋಡಿದಳು,
ಹಳೆಯ ರೈಲು ಸುರಂಗದಿಂದ ಜಿನುಗುವ
ನೀರಿಗೂ ಟಾರ್ಚು ಬಿಟ್ಟಳು.
ಕೊನೆಗೆ ಕಾವಲಿನ ಇಂದಲೇಥಿಯೊ
ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದ:

"ಫ್ಯಾನು ನಿಲ್ಲಿಸಿದ್ದು ನಾನೇ.
ಮಗಳ ಫೋನು. ಕೂಸನ್ನು ಎತ್ತಿ ಹಿಡಿದಿದ್ದಳು.
ಒಂಬತ್ತು ದಿನದ್ದು,
ಅಳುವುದೂ ಸಣ್ಣಗೆ.
ಈ ಗುಂಯ್‌ಗುಡುವಿಕೆಯಲ್ಲಿ ಏನೂ ಕೇಳದು."

ಡೈರಿಯಲ್ಲಿ ಬರೆದಳು:
ಫ್ಯಾನು ನಲವತ್ತು ನಿಮಿಷ ಬಂದ್.
ಕಾರಣ ಎಂಬ ಕಾಲಮ್ಮಿನಲ್ಲಿ
ಪೆನ್ನು ತುಸು ಹೊತ್ತು ನಿಂತಿತು.

"ಆಮೇಲೆ ಕೇಳಿಸಿತಾ?"
"ಹ್ಞೂಂ. ಎರಡು ಸಲ."

ಎಪ್ಪತ್ಮೂರು. ಎಪ್ಪತ್ತು.
ಎಪ್ಪತ್ತೊಂದು.