ಎಡದ ಚಿತ್ರ, ಬಲದ ಚಿತ್ರ

ತಾರ್ತುವಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ವರ್ಷವಿಡೀ ಹನ್ನೆರಡು ಡಿಗ್ರಿ.
ಮೇಲೆ ಹುಡುಗರು ನದಿಗೆ ಧುಮುಕುವ ಜುಲೈನಲ್ಲೂ
ಹೆಲ್ಯು ಉಣ್ಣೆಯಂಗಿ ತೊಟ್ಟೇ ಇಳಿಯುತ್ತಿದ್ದಳು.
ಎರಡು ಚಳಿಗಾಲ ಅವಳ ಕೈಕೆಳಗೆ ದುಡಿದವನು ನಾನು.

ಬಾಗಿಲು ತೆರೆದವಳು ಮೊದಲು ಮೂಸುತ್ತಿದ್ದಳು.
ಫಿಲ್ಮು ಸಾಯುವ ಮುಂಚೆ ಹುಳಿ ಬರುತ್ತದೆ,
ಮರೆತುಬಿಟ್ಟ ಹಿಟ್ಟಿನ ಹಾಗೆ.
ಒಂದು ಡಬ್ಬಿ ಹುಳಿತರೆ ಪಕ್ಕದ್ದಕ್ಕೂ ಅಂಟು;
ಎತ್ತಿ ಆಚೆ ಕೋಣೆಯಲ್ಲಿಡುತ್ತಿದ್ದಳು, ಮಾತಿಲ್ಲದೆ.

ಗಾಜಿನ ಫಲಕಗಳಿಗೆ ನಿಂತೇ ನಿದ್ದೆ,
ಮಲಗಿಸಿದರೆ ತಮ್ಮ ಭಾರಕ್ಕೆ ತಾವೇ ಒಡೆಯುತ್ತವೆ.
ಬೆಳ್ಳಿತಗಡಿನ ಹೆಂಗಸನ್ನು ಓರೆಯಾಗಿ ಹಿಡಿಯಬೇಕು;
ನೆಟ್ಟಗೆ ಹಿಡಿದೆಯೋ, ಕಾಣುವುದು ನಿನ್ನದೇ ಮೂತಿ.
ಮಾಯಾದೀಪದ ಹೊಟ್ಟೆಯಲ್ಲಿ ಇನ್ನೂ ಸೀಮೆಎಣ್ಣೆ ಮಸಿ.
ಟೊರಾಂಟೊದ ಯಾರದೋ ಚಿಕ್ಕಮ್ಮ ಕಳಿಸಿದ ಡಿಸ್ಕ್ ಫಿಲ್ಮು:
ಉಗುರಿನಷ್ಟಗಲದ ಹದಿನೈದು ಚಿತ್ರ,
ಹದಿನೈದರಲ್ಲೂ ಒಂದೇ ಕೇಕು.

ಗುರುವಾರ ಶಾಲೆಮಕ್ಕಳು ಬರುತ್ತಿದ್ದರು.
ಸ್ಟೀರಿಯೊಸ್ಕೋಪಿಗೆ ಕಣ್ಣಿಟ್ಟ ಕೂಡಲೇ
ಕೈ ಚಾಚಿ ಗಾಳಿಯಲ್ಲಿ ಕುದುರೆಬಾಲ ಹಿಡಿಯುವರು.
‘ನೀವೂ ನೋಡಿ, ನೀವೂ!’
ಅವಳು ನೋಡಿ, ‘ಹ್ಞೂಂ, ಭಾರೀ ಆಳ’ ಅನ್ನುವಳು.
ಬಲಗಣ್ಣು ಗಾಜಿನದು.
ಆರನೇ ವಯಸ್ಸಿನಲ್ಲಿ ಅಣ್ಣನ ಸ್ಕೀ ಕೋಲು.
ಅವಳ ಪಾಲಿಗೆ ಆ ಎರಡು ಚಿತ್ರ ಎಂದೂ ಒಂದಾಗಲಿಲ್ಲ.

ಕಾರ್ಡು ಸಾವಿರದ ನೂರ ಎಂಬತ್ತೇಳು:
ಯುದ್ಧದಲ್ಲಿ ಬಿದ್ದುಹೋದ ಕಲ್ಲುಸೇತುವೆ.
ತೆಗೆದವನು ಬಡವನಿರಬೇಕು, ಇದ್ದದ್ದು ಒಂದೇ ಮಸೂರ.
ಒಮ್ಮೆ ತೆಗೆದು, ಪೆಟ್ಟಿಗೆಯನ್ನು ನಾಲ್ಕು ಬೆರಳು ಸರಿಸಿ,
ಇನ್ನೊಮ್ಮೆ.
ನನ್ನ ಎರಡೂ ಕಣ್ಣಿಗೆ ಸೇತುವೆ ಎದ್ದು ನಿಂತಿತು,
ಕಟಕಟೆಯ ಬಳಿ ನಡುಗುವ ಚೂರು ಹೊಗೆ.
ಹಳೆಯ ಪಟ್ಟಿಯಲ್ಲೂ ಅದನ್ನೇ ಬರೆದಿದ್ದರು: ‘ಕಲೆ ಇದೆ.’

ಹೆಲ್ಯು ಎಡದ್ದನ್ನು ನೋಡಿದಳು.
ಬಲದ್ದನ್ನು ನೋಡಿದಳು.
ಮತ್ತೆ ಎಡದ್ದು.
ಎಡದಲ್ಲಿ ಬರಿಗಾಲ ಹುಡುಗ, ನೀರಿಗೆ ಬಗ್ಗಿದ್ದಾನೆ.
ಬಲದಲ್ಲಿ ಅವನ ಟೋಪಿ ಮಾತ್ರ, ಕಲ್ಲಿನ ಮೇಲೆ.

ಬಿದ್ದನೇ? ಕರೆದರೆಂದು ಓಡಿದನೇ?
ಊಟದ ಹೊತ್ತಿನ ತನಕ ಜಗಳವಾಡಿದೆವು.
ಟೋಪಿ ಮರೆತು ಓಡುವ ವಯಸ್ಸು ಅಂದೆ ನಾನು.
ಅವಳು ಚೀಟಿಯಲ್ಲಿ ‘ಕಲೆ’ ಅಳಿಸಿ
ಪೆನ್ಸಿಲಿನಿಂದ ಬರೆದಳು:
‘ಹುಡುಗ, ಒಬ್ಬ. ಎಡದಲ್ಲಿ.’

ಹೋದ ವರ್ಷ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದರು.
ಜಾಗ ಉಳಿಸಲು ಪ್ರತಿ ಕಾರ್ಡಿಗೂ ಒಂದೇ ಚಿತ್ರ,
ಬಲದ್ದು.
ಹುಡುಗ ಈಗಲೂ ನೆಲಮಾಳಿಗೆಯಲ್ಲೇ ಇದ್ದಾನೆ,
ಮೂರನೇ ಕಪಾಟು, ಕೆಳಗಿನ ಖಾನೆ.
ಹೋಗುವುದಾದರೆ ಸ್ವೆಟರ್ ತೊಟ್ಟು ಹೋಗಿ.
ಒಂದು ಕಣ್ಣು ಮುಚ್ಚಿಕೊಳ್ಳಿ.