ಅನುಬಂಧ – ೩

ಶಿಡ್ಲಘಟ್ಟದ ಬಿಇಒ ಕಚೇರಿಯಿಂದ ಬಂದ ನಮೂನೆ.
ಆರು ಕಾಲಂ. ಕಪ್ಪು ಇಲ್ಲವೇ ನೀಲಿ ಶಾಯಿ ಮಾತ್ರ.
ಶಾಲೆಗೆ ಹೋಗದೆ ಮನೆಯಲ್ಲೇ ಮಗು ಏನು ಕಲಿಯಿತೆಂದು
ಪೋಷಕರೇ ದೃಢೀಕರಿಸತಕ್ಕದ್ದು.

ಬರೆದೆ: ಸದರಿ ವಿದ್ಯಾರ್ಥಿನಿ ಕು. ಲೋಹಿತಾ
ಕೀಟಗಳ ಜೀವನಚಕ್ರವನ್ನು
ಪ್ರತ್ಯಕ್ಷ ಅವಲೋಕನದಿಂದ ಗ್ರಹಿಸಿರುತ್ತಾಳೆ.
ಅಂದರೆ, ನಾಲ್ಕನೇ ಜ್ವರ ಬಿಟ್ಟೆದ್ದ ಹುಳುಗಳು
ಸೊಪ್ಪು ಮೇಯುವ ಸದ್ದಿಗೆ ರಾತ್ರಿ ಎರಡಕ್ಕೆ ಎದ್ದು
‘ಅಮ್ಮಾ, ಮಳೆ’ ಎನ್ನುತ್ತ
ತಂತಿ ಮೇಲಿನ ಬಟ್ಟೆ ತರಲು ಓಡಿದಳು.
ಹೊರಗೆ ಆಕಾಶದ ತುಂಬ ಚುಕ್ಕಿ.

ಬಹುಭಾಷಾ ಸಂವಹನ: ನಿರೀಕ್ಷಿತ ಮಟ್ಟ ತಲುಪಿದೆ.
ಅವ್ವನ ಹತ್ತಿರ ತೆಲುಗಿನಲ್ಲಿ ಗೋಗರೆತ,
ನೂಲು ಬಿಚ್ಚುವ ಖಮರುನ್ನೀಸಾ ಕಲಿಸಿಕೊಟ್ಟ
ಉರ್ದು ಬೈಗುಳ ಒಂದು
(ಅದನ್ನು ನಮೂದಿಸಲಿಲ್ಲ),
ಕನ್ನಡದಲ್ಲಿ ಮಾತ್ರ ಬರೀ ಪ್ರಶ್ನೆ.

ಲಾಭ-ನಷ್ಟದ ಅಧ್ಯಾಯ ಗೂಡಿನ ಮಾರುಕಟ್ಟೆಯಲ್ಲೇ ಮುಗಿಯಿತು.
ಹರಾಜಿನ ಬೋರ್ಡು ಅವಳಿಗೆ ಬೇಕಿಲ್ಲ.
ಪಿಳ್ಳಾಂಜಿನಪ್ಪ ಮಾವ ಬೀಡಿ ಹಚ್ಚಿದರೆ ನಷ್ಟ,
ಎಲ್ಲರಿಗೂ ಟೀ ಹೇಳಿದರೆ ಲಾಭ.
ಇದುವರೆಗೆ ಉತ್ತರ ತಪ್ಪಿಲ್ಲ.
‘ದತ್ತಾಂಶ ವಿಶ್ಲೇಷಣೆ’ ಎಂದು ಬರೆದು
ನನಗೇ ನಗು ಬಂತು.

ಐದನೆಯದು ಮೌಲ್ಯಶಿಕ್ಷಣ. ಮೂರು ಗೆರೆ ಜಾಗ.
ಗೂಡನ್ನು ಬಿಸಿನೀರಿಗೆ ಸುರಿಯುವಾಗ ಕೇಳಿದ್ದಳು:
‘ಒಳಗಿರೋದಕ್ಕೆ ಗೊತ್ತಾಗತ್ತಾ?’
ಆಮೇಲೆ ಯುಗಾದಿಗೂ ರೇಷ್ಮೆ ಲಂಗ ಉಡಲಿಲ್ಲ.
ಒಂದು ಗೂಡು ಕದ್ದು ಜಾಮಿಟ್ರಿ ಬಾಕ್ಸಿನಲ್ಲಿಟ್ಟಳು.
ಚಿಟ್ಟೆ ಬಂತು, ಬೆಳ್ಳಗೆ, ದಪ್ಪಗೆ.
ಕೋನಮಾಪಕದ ಮೇಲೆ ರೆಕ್ಕೆ ಬಡಿಯಿತು, ಬಡಿಯಿತು,
ಹಾರಲಿಲ್ಲ.
ಆ ಜಾತಿಗೆ ಹಾರುವುದು ಮರೆತುಹೋಗಿದೆ ಎಂದೆ.
‘ಯಾರು ಮರೆಸಿದ್ದು?’
ನಮ್ಮ ಮನೆ ಗೋಡೆ, ಗಾಡಿ, ಈ ಪೆನ್ನು,
ಎಲ್ಲವೂ ಆ ನೂಲಿನದೇ.
ಗೆರೆಗಳ ಮೇಲೆ ಬಹಳ ಹೊತ್ತು ಕೂತು
ಕೊನೆಗೆ ಬರೆದೆ: ಪ್ರಗತಿಯಲ್ಲಿದೆ.
ಯಾರದು ಎಂದು ಕಾಲಂ ಕೇಳಿರಲಿಲ್ಲ.

ಅಷ್ಟರಲ್ಲಿ ಬಂದಳು, ಕೈತುಂಬ ಹಿಪ್ಪುನೇರಳೆ ಹಣ್ಣಿನ ಕಲೆ.
ಓದಿದಳು. ‘ಯಾರಮ್ಮ ಈ ಹುಡುಗಿ?
ಇವಳ ಜೊತೆ ಯಾರಾದ್ರೂ ಆಟ ಆಡ್ತಾರಾ?’
ಆಮೇಲೆ ತಲೆಬರಹದ ಮೇಲೆ ಬೆರಳಿಟ್ಟು ನಿಂತಳು.
ಅಚ್ಚಾಗಿತ್ತು: ಕಲಿಕಾ ಸಾಮಥ್ರ್ಯ.
‘ಅರ್ಕಾವತ್ತು ಪಕ್ಕದಲ್ಲಿ ಕೂರಬೇಕು,
ಪಾಪ, ಕೆಳಗೆ ನೇತುಹಾಕಿಬಿಟ್ಟಿದ್ದಾರೆ.’

ಪೆನ್ಸಿಲ್ಲಿನಲ್ಲಿ ತಿದ್ದಿದಳು, ನೇರಳೆ ಹೆಬ್ಬೆಟ್ಟಿನ ಗುರುತೂ ಬಿತ್ತು.
ಶಾಯಿ ಮಾತ್ರ ಎಂದು ಮೇಲೆಯೇ ಇದೆ.
ಹಾಗೇ ಮಡಚಿ ಕಳಿಸಿದೆ.