ಹದಿನೇಳನೇ ನಂಬರಿನ ಟ್ರಾಮು

ಇಪ್ಪತ್ತೆರಡು ನಿಮಿಷಕ್ಕೊಮ್ಮೆ
ಕ್ರೀಡಾಂಗಣದ ಗೋಡೆ ಸವರಿಕೊಂಡು ತಿರುಗುತ್ತದೆ ನನ್ನ ಹಳಿ.
ಒಳಗಿನದೇನೂ ಕಾಣುವುದಿಲ್ಲ.
ಕಾಣುವುದು ನಾಲ್ಕು ದೀಪದ ಕಂಬ, ಇಟ್ಟಿಗೆ,
ಇಟ್ಟಿಗೆಯ ಮೇಲೆ ಯಾರೋ ಹುಡುಗರು ಬಳಿದ ಕೆಂಪು ಕಿಡಿ.
ಇಸ್ಕ್ರಾ ಅಂದರೆ ಕಿಡಿ.
ನಮ್ಮಪ್ಪನ ತಂಡ. ಹಾಗಾಗಿ ನನ್ನದು.

ಈ ಶನಿವಾರಕ್ಕೆ ರಜೆ ಕೇಳಿದ್ದೆ.
ಡಿಪೋದ ತೆಯೋಫಿಲ್ ತಲೆಯೆತ್ತದೆ ಅಂದ:
ಲಿಪೊವಿತ್ಸೆಯಲ್ಲಿ ಊರಿಗೆ ಊರೇ ರಜೆ ಕೇಳಿದೆ, ಯಾಗ್ನಾ,
ಊರನ್ನು ಅಲ್ಲಿಗೆ ಮುಟ್ಟಿಸುವವರು ಯಾರು?

ಮುಟ್ಟಿಸಿದೆ.
ಮೇ ತಿಂಗಳ ಸೆಕೆಯಲ್ಲೂ ಕೊರಳಿಗೆ ಉಣ್ಣೆಯ ಶಾಲು,
ಬೆರಳ ಸಂದಿಯಲ್ಲಿ ಸೂರ್ಯಕಾಂತಿ ಬೀಜ,
ನೆಲದ ತುಂಬ ಉಗುಳಿದ ಸಿಪ್ಪೆ.
ಬೇರೆ ದಿನವಾದರೆ ಬೈಯುತ್ತಿದ್ದೆ.
ಎಲ್ಲರ ಬಾಯಲ್ಲೂ ಒಂದೇ ಮಗ್ಗಿ:
ನಮ್ಮದು ಮೂವತ್ತನಾಲ್ಕು, ಬಂದರಿನವರದು ಮೂವತ್ತೈದು,
ನಾವು ಗೆಲ್ಲಬೇಕು, ಅವರು ಗೆಲ್ಲಬಾರದು.
ಶಾಲೆಯಲ್ಲಿ ಲೆಕ್ಕಕ್ಕೆ ನಪಾಸಾದವರೂ
ತಪ್ಪಿಲ್ಲದೆ ಒಪ್ಪಿಸುತ್ತಿದ್ದರು.
ಹನ್ನೊಂದು ವರ್ಷ ಎರಡನೇ ದರ್ಜೆಯಲ್ಲಿ
ಆರಕ್ಕೇರದೆ ಮೂರಕ್ಕಿಳಿಯದೆ ಇದ್ದೆವು.
ಎಂಥ ಬೇಸರ ಅನ್ನುತ್ತಿದ್ದೆವು ಆಗ.
ಈಗ ಅದೇ ಬೇಸರವನ್ನು
ಸೆರಗೊಡ್ಡಿ ಬೇಡುತ್ತಿದ್ದೇವೆ, ಇನ್ನೊಂದು ವರ್ಷಕ್ಕೆ.

ಮೊದಲ ಸುತ್ತು: ಡೋಲು.
ಎರಡನೆಯದು: ಡೋಲೂ ಇಲ್ಲ.

ಮುಂದಿನ ಸೀಟಿನ ಎರ್ವಿನ್ ಇಳಿದೇ ಇಲ್ಲ.
ಎದೆಯ ಡಾಕ್ಟರು ಪಂದ್ಯ ಬೇಡವೆಂದಿದ್ದಾರೆ.
ಒಳಗೆ ಕೂರಬೇಡ ಅಂದರು, ಸುತ್ತಬೇಡ ಅನ್ನಲಿಲ್ಲವಲ್ಲ
ಎಂದು ಸಣ್ಣ ರೇಡಿಯೋ ಕಿವಿಗೊತ್ತಿಕೊಂಡು
ನನ್ನೊಡನೆ ಊರು ಸುತ್ತುತ್ತಿದ್ದಾನೆ.

‘ಹಳೆಯ ಗಣಿ’ ಎನ್ನುವ ನಿಲ್ದಾಣ. ಗಣಿ ಇಲ್ಲ,
ಸೋಫಾ ಮಾರುವ ಅಂಗಡಿಯಿದೆ.
ಅಲ್ಲಿ ತ್ರೂದಾ ಹತ್ತಿದಳು,
ಕೈಯಲ್ಲಿ ಸಮಾಧಿಗೆ ಇಡುವ ಕೆಂಪು ಗಾಜಿನ ದೀಪ.
ಎರ್ವಿನ್ ಅಂದ: ಇಳಿಯುವುದೇನು ನಮಗೆ ಹೊಸದೇ?
ದಿನಾ ಬೆಳಿಗ್ಗೆ ಆರಕ್ಕೆ ಎಂಟುನೂರು ಮೀಟರು ಇಳಿದೆವು,
ಮಧ್ಯಾಹ್ನ ಏರಿ ಬಂದೆವು.
ತ್ರೂದಾ ಮಡಿಲಿನ ದೀಪವನ್ನು ನೇರ ಮಾಡಿಕೊಂಡು
ಎಲ್ಲರೂ ಅಲ್ಲ, ಅಂದಳು.

ಸ್ಮಶಾನದವರೆಗೂ ಯಾರೂ ಮಾತಾಡಲಿಲ್ಲ.
ಇಳಿದವಳು, ಬಾಗಿಲು ಮುಚ್ಚುವ ಮೊದಲು ತಿರುಗಿ ಕೇಳಿದಳು:
ಎಷ್ಟಾಯಿತು?

ನಾಲ್ಕನೇ ಸುತ್ತು.
ಗೋಡೆಯಾಚೆ ಒಂದು ಕೂಗು ಎದ್ದಿತು.
ಗೋಲಾದ ಕೂಗಿಗೂ ತಪ್ಪಿದ ಕೂಗಿಗೂ
ಮೊದಲ ಅರೆಗಳಿಗೆ ಸ್ವರ ಒಂದೇ.
ಕಾದೆ. ಬೀಳಲಿಲ್ಲ ಅದು,
ಮೇಲೆ ಮೇಲೆ ಹೋಯಿತು,
ಯಾರದೋ ಅಟ್ಟದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು.
ಎರ್ವಿನ್ ನನ್ನ ಬೆನ್ನ ಹಿಂದಿನ ಗಾಜಿಗೆ ಮುಷ್ಟಿಯಿಂದ ಗುದ್ದಿದ,
ಆ ಡಾಕ್ಟರು ನೋಡಬೇಕಿತ್ತು!

ಐದನೆಯದರಲ್ಲಿ ಹಳಿಯ ತಿರುವಿಗೆ ಬಂದಾಗ
ನಮ್ಮ ಪಂದ್ಯ ಮುಗಿದಿತ್ತು. ಗೆದ್ದಿದ್ದೆವು.
ಐನೂರು ಕಿಲೋಮೀಟರು ಉತ್ತರಕ್ಕೆ, ಸಮುದ್ರದ ಮಗ್ಗುಲಲ್ಲಿ,
ಬಂದರಿನವರದು ಇನ್ನೂ ನಡೆದಿತ್ತು, ಸಮಸಮ.
ಆರು ಸಾವಿರ ಜನ ಉಸಿರು ಬಿಗಿಹಿಡಿದರೆ
ದೀಪದ ಕಂಬ ಗುಂಯ್‌ಗುಡುವುದು ಬೀದಿಗೆ ಕೇಳುತ್ತದೆ,
ಇದುವರೆಗೆ ನನಗೆ ಗೊತ್ತಿರಲಿಲ್ಲ.

ಟ್ರಾಮು ನಿಲ್ಲಿಸಿದೆ. ಅಲ್ಲಿ ನಿಲ್ದಾಣವಿಲ್ಲ.
ತೆಯೋಫಿಲ್‌ನ ದನಿ ಕರಕರ ಬಂತು:
ಹದಿನೇಳು, ನಿನಗೆ ತಡವಾಗುತ್ತಿದೆ.
ತುಸು ಬಿಟ್ಟು: ಇರಲಿ, ನಿಂತಿರು.

ಗೇಟಿನಿಂದ ಒಬ್ಬನೇ ಹೊರಬಂದ ಟಿಮೆಕ್,
ಬೇಕರಿಯವರ ಹುಡುಗ, ಒಳಗೆ ನಿಲ್ಲಲಾರದೆ.
ಹತ್ತಿ ಕೇಳಿದ:
ಮೂರನೇ ದರ್ಜೆಯ ಊರುಗಳಿಗೆ ಟ್ರಾಮು ಹೋಗುತ್ತದಾ, ಅಕ್ಕ?
ಇಲ್ಲ. ಬಸ್ಸು. ಕೆಲವಕ್ಕೆ ಎರಡು ಬಸ್ಸು.
ಭಾನುವಾರ?
ಬೆಳಿಗ್ಗೆ ಒಂದು, ಸಂಜೆ ಒಂದು.
ಹಾಗಾದರೆ ಆಗುತ್ತದೆ, ಅಂದ,
ಬೀಜದ ಪೊಟ್ಟಣ ನನ್ನ ಕಡೆ ಚಾಚಿದ.

ಡ್ಯೂಟಿಯಲ್ಲಿ ತಿನ್ನಬಾರದು. ತಿಂದೆ.
ಸಿಪ್ಪೆಯನ್ನು ಉಗುಳದೆ ಅಂಗೈಯಲ್ಲಿ ಹಿಡಿದುಕೊಂಡೆ.
ಎರ್ವಿನ್ ರೇಡಿಯೋದಿಂದ ಕಿವಿ ತೆಗೆಯದೆ
ಎರಡು ಬೆರಳು ಎತ್ತಿದ:
ಇನ್ನೂ ಎರಡು ನಿಮಿಷ.